ಹತ್ತನೇ ಮನೆ

ಅರಸೀಕೆರೆ ಮಾರ್ಕೆಟ್ ಯಾರ್ಡಿನಲ್ಲಿ
ಇಪ್ಪತ್ತೆಂಟು ವರ್ಷ ಕೊಬ್ಬರಿ ತೂಗಿದವನು ನಾನು.
ಬೇಕಾದರೆ ಕೇಳಿ ನೋಡಿ
ಬಾಣಾವರದವರನ್ನು, ಗಂಡಸಿಯವರನ್ನು,
ಜಾವಗಲ್ಲಿನ ಕಟ್ಟಿಂಗ್ ಶಾಪಿನಲ್ಲಿ ಸರದಿ ಕಾಯುವವರನ್ನು:
ನನ್ನ ತಕ್ಕಡಿ ಯಾರ ಕಡೆಗೂ ಕಣ್ಣು ಹೊಡೆದಿಲ್ಲ.
ವರ್ಷಕ್ಕೊಮ್ಮೆ ಇಲಾಖೆಯವರು ಬಂದು
ಬಟ್ಟುಗಳ ತಳಕ್ಕೆ ಮುದ್ರೆ ಒತ್ತುವಾಗ
ನನಗೇ ಒತ್ತಿದಂತೆ ಎದೆ ಸೆಟೆಸಿ ನಿಲ್ಲುತ್ತಿದ್ದೆ.

ಸಾವ್ಕಾರರು ಹೇಳುತ್ತಿದ್ದರು. ನೇರವಾಗಲ್ಲ,
ಎಲೆಗೆ ಸುಣ್ಣ ಸವರುತ್ತ,
ಸೆಕೆಯ ಬಗ್ಗೆ ಮಾತಾಡುವ ದನಿಯಲ್ಲಿ:
'ಹೆಬ್ಬೆರಳು ಅಷ್ಟು ದೂರ ಯಾಕಪ್ಪ ಇಡ್ತೀಯ,
ತಟ್ಟೆ ಏನು ಕಚ್ತದಾ?'
ನಾನು ಕೈ ಕಟ್ಟಿಕೊಂಡು ಮುಳ್ಳು ನೋಡುತ್ತಿದ್ದೆ.
ಮುಳ್ಳು ನಿಂತ ಮೇಲೆ ಬಾಯಿ ಬಿಡುತ್ತಿದ್ದೆ.

ಇಷ್ಟು ಹೇಳಿದ್ದು
ಇನ್ನೊಂದನ್ನು ಹೇಳಲಿಕ್ಕೆ.

ಹಮಾಲಿ ದಸ್ತಗೀರನ ಮಗಳು ರುಕಿಯಾ, ಮೂರನೇ ಕ್ಲಾಸು.
ಸ್ಕೂಲು ಬಿಟ್ಟ ಮೇಲೆ ಅಪ್ಪನ ಲೆಕ್ಕ ಮುಗಿಯುವ ತನಕ
ಖಾಲಿ ಚೀಲಗಳ ಮೇಲೆ ಕೂತಿರುತ್ತಿದ್ದಳು,
ಒಂದು ಜಡೆಗೆ ಟೇಪು, ಇನ್ನೊಂದರದ್ದು ಎಲ್ಲೋ ಬಿದ್ದುಹೋಗಿ.
ಚೀಲಕ್ಕೆ ನಂಬರು ಹಾಕುವ ಸೀಮೆಸುಣ್ಣ ಕೊಟ್ಟೆ.
ಜಗಲಿಯ ಸಿಮೆಂಟಿನ ಮೇಲೆ
ಎರಡು ಅಡ್ಡಗೆರೆ, ಎರಡು ಉದ್ದಗೆರೆ,
ಒಂಬತ್ತು ಮನೆ.
ನನಗೆ ಇಂಟು. ಅವಳಿಗೆ ಸೊನ್ನೆ.

ಮೊದಲ ವಾರ ನಾನೇ ಗೆದ್ದೆ, ಸುಳ್ಳು ಯಾಕೆ, ಖುಷಿಯಾಗಿತ್ತು.
ಆಮೇಲೆ ಹುಡುಗಿ ನಡುಮನೆಯ ಗುಟ್ಟು ಕಂಡುಕೊಂಡಳು,
ಆಮೇಲೆ ಮೂಲೆಗಳದ್ದು.
ಅಲ್ಲಿಂದಾಚೆಗೆ ಯಾರೂ ಗೆಲ್ಲಲಿಲ್ಲ.
ಈ ಆಟದ ಹಣೆಬರಹವೇ ಅಷ್ಟು:
ಇಬ್ಬರಿಗೂ ಬುದ್ಧಿ ಬಂದ ದಿನ ಆಟ ಸಾಯುತ್ತದೆ.
ಮನೆಗಳೆಲ್ಲ ತುಂಬುತ್ತವೆ, ಗೆರೆ ಎಳೆಯಲು ಯಾರಿಗೂ ಜಾಗವಿಲ್ಲ,
ಗೋಣಿತಾಟಿನಿಂದ ಒರೆಸಿ ಮತ್ತೆ ಬರೆದರೆ
ಮತ್ತೆ ಸರಿಸಮ.
ದಿನವಿಡೀ ಎರಡು ತಟ್ಟೆ ಸಮ ಮಾಡಿದವನಿಗೆ
ಸಂಜೆಗೂ ಅದೇ ಊಟ.

ಒಂದು ದಿನ ಹುಬ್ಬಳ್ಳಿ ಕಡೆಯ ರೈಲು ಕೂಗಿತು.
ಎದ್ದು ನಿಂತು ಡಬ್ಬಿ ಎಣಿಸುವ ಅಭ್ಯಾಸ ಅವಳಿಗೆ.
ಅವಳ ಬೆನ್ನು ನನ್ನ ಕಡೆಗಿದ್ದಾಗ
ನನ್ನ ಹೆಬ್ಬೆರಳು,
ಇಪ್ಪತ್ತೆಂಟು ವರ್ಷ ತೆಪ್ಪಗಿದ್ದ ಹೆಬ್ಬೆರಳು,
ಮೂಲೆಯ ಸೊನ್ನೆಯ ಮೇಲೆ ಹೋಗಿ
ಒಂದು ಸುತ್ತು ತಿರುಗಿತು.
ಸೊನ್ನೆ ಇದ್ದ ಕಡೆ ಇಂಟು ಹಾಕಿದೆ. ಗೆರೆ ಎಳೆದೆ.
'ಗೆದ್ದೆ!' ಎಂದೆ.
ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಯಾಕೆ ಅಂತ ನನ್ನನ್ನು ಕೇಳಬೇಡಿ.
ಬಾಜಿ ಇರಲಿಲ್ಲ, ಕಾಸಿರಲಿಲ್ಲ, ನೋಡುವ ಜನರಿರಲಿಲ್ಲ.
ಚೀಲಕ್ಕೆ ಕಾಲು ಕೆಜಿ ಒತ್ತಿದ್ದರೆ
ಮಗಳ ಮದುವೆಗೆ ಒಂದೆಳೆ ಸರವಾದರೂ ಆಗುತ್ತಿತ್ತು.
ಅಲ್ಲಿ ಒತ್ತಲಿಲ್ಲ.
ಇಲ್ಲಿ, ಏನೂ ಸಿಗದ ಕಡೆ, ಒತ್ತಿದೆ.
ಏನೂ ಸಿಗುವುದಿಲ್ಲವಲ್ಲ,
ಪಾಪ ತೂಗಿದರೂ ಮುಳ್ಳು ಅಲ್ಲಾಡಲಿಕ್ಕಿಲ್ಲ ಅಂದುಕೊಂಡೆನೋ ಏನೋ.

ತಿರುಗಿದಳು. ಗೆರೆ ನೋಡಿದಳು.
ನನ್ನ ಬೆರಳು ನೋಡಿದಳು, ತುದಿ ಬೆಳ್ಳಗಾಗಿತ್ತು.
'ಹದಿನೆಂಟು ಡಬ್ಬಿ' ಎಂದಳು. ಅಷ್ಟೇ.
'ಕಳ್ಳಾಟ' ಅಂದಿದ್ದರೆ
ನಕ್ಕು, ಒರೆಸಿ, ಮುಗಿಸಿಬಿಡಬಹುದಿತ್ತು.

ಮಾರನೇ ದಿನ ಸೀಮೆಸುಣ್ಣ ಅವಳೇ ಎತ್ತಿಕೊಂಡಳು.
ಎರಡು ಅಡ್ಡ, ಎರಡು ಉದ್ದ.
ಆಮೇಲೆ ನಾಲಿಗೆ ಕಚ್ಚಿಕೊಂಡು, ಗಮನವಿಟ್ಟು,
ಆಟದ ಹೊರಗೆ, ನನ್ನ ಮೊಣಕಾಲಿನ ಹತ್ತಿರ
ಇನ್ನೊಂದು ಪುಟ್ಟ ಮನೆ.
'ಇದೇನೇ?'
'ಅದು ನಿಮ್ದು, ತೂಕದ ಮಾಮ.
ಬೇಕಾದಾಗ ಹಾಕ್ಕೊಳ್ಳಿ.'

ಚುಚ್ಚಿ ಆಡಿದ್ದಲ್ಲ. ಸಣ್ಣ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗ
ದೊಡ್ಡವರು ಕೊಡುವ ರಿಯಾಯಿತಿ, ಅಂಥದ್ದು.

ಅದರೊಳಗೆ ನಾನು ಏನೂ ಬರೆಯಲಿಲ್ಲ.
ಅವಳು ಬಿಡಿಸುವುದನ್ನೂ ಬಿಡಲಿಲ್ಲ,
ನಾಲ್ಕನೇ ಕ್ಲಾಸು, ಐದನೇ ಕ್ಲಾಸು,
ದಸ್ತಗೀರ್ ಲಾರಿ ಕೆಲಸ ಹಿಡಿದು ಕಡೂರಿಗೆ ಹೋಗುವವರೆಗೆ.

ಆ ವರ್ಷವೂ ಇಲಾಖೆಯವರು ಬಂದರು.
ಬಟ್ಟು ಒಂದೊಂದಾಗಿ ಎತ್ತಿ ನೋಡಿ
'ಚೊಕ್ಕ' ಎಂದರು, ಮುದ್ರೆ ಒತ್ತಿದರು,
ಆಮೇಲೆ ತಲೆ ಎತ್ತಿ,
'ಕೈ ಯಾಕಪ್ಪ ಹಿಂದೆ?'

'ಸುಣ್ಣ ಆಗಿದೆ, ಸ್ವಾಮಿ.'